ಕಡಲ್ಗಳ್ಳರ ಕೋಟೆಯಲ್ಲಿ ಒಂಬತ್ತು ಬಟ್ಟಲು ಕಾಫಿ

ನಾನು ಚಿಕ್ಕವನಿದ್ದಾಗ, ಅಂದರೆ ನಿಮ್ಮಿಬ್ಬರ ನಡುವಿನ ವಯಸ್ಸಿನವನಿದ್ದಾಗ, ಒಮ್ಮೆಗೇ ಒಂಬತ್ತು ಬಟ್ಟಲು ಕಾಫಿ ಕುಡಿದಿದ್ದೆ. ರುಚಿಗೆ ಕುಡಿಯಲಿಲ್ಲ, ಹೆದರಿ ಕುಡಿದೆ. ಅಷ್ಟು ಹೆದರಿದ ದಿನ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಕಳೆದ ಶನಿವಾರ ನಾವು ಮೂವರೂ ಪಕ್ಕದ ಮನೆಗೆ ಹೊಸದಾಗಿ ಬಂದ ಯೆಮನ್ ದೇಶದ ಅಜ್ಜಿಯನ್ನು ನೋಡಲು ಹೋಗಿದ್ದೆವಲ್ಲ, ಅವರು ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಲ್ಲಿ ಕಾಫಿ ಕೊಟ್ಟರು. ಪುಟ್ಟಿ, ನೀನು ಬಹಳ ಮರ್ಯಾದೆಯಿಂದ "ನೋ, ಥ್ಯಾಂಕ್ ಯೂ" ಎಂದು ಬಟ್ಟಲನ್ನು ಮೇಜಿನ ಮೇಲಿಟ್ಟೆ. ಮರಿ, ನೀನಂತೂ ಶಾಲೆಯ ಪೈರೇಟ್ ಡೇಗೆ ಕಡಲ್ಗಳ್ಳನ ವೇಷಕ್ಕೆಂದು ಕಟ್ಟಿಕೊಂಡ ಕಪ್ಪು ಕಣ್ಣುಪಟ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ, ಒಂದೇ ಕಣ್ಣಿನಿಂದ ಬಿಸ್ಕತ್ತು ಹುಡುಕುತ್ತಿದ್ದೆ. ನಾನು ಮೂರು ಬಟ್ಟಲು ಕುಡಿದೆ. ಮನೆಗೆ ಬಂದವರೇ ನೀವಿಬ್ಬರೂ ನಿಮ್ಮಪ್ಪನ ಹತ್ತಿರ ನನ್ನ ಮೇಲೆ ಚಾಡಿ ಹೇಳಿದಿರಿ. ಅವನು ಹೃದಯದ ಡಾಕ್ಟರು, ನನಗೆ ದಿನಕ್ಕೆ ಅರ್ಧ ಲೋಟ ಎಂದು ಗೊತ್ತುಮಾಡಿದ್ದಾನೆ. "ವೈ ತ್ರೀ, ಅಜ್ಜಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಈಜಿನ ಕ್ಲಾಸಿಗೆ ಓಡಿದಿರಿ. ಅದಕ್ಕೇ ಈಗ ಬರೆದಿಡುತ್ತಿದ್ದೇನೆ. ಕನ್ನಡ ಅಕ್ಷರ ಎಡವಿದಲ್ಲಿ ನಿಮ್ಮಮ್ಮ ಓದಿ ಹೇಳಲಿ.

ನನ್ನ ಅಪ್ಪನೂ ಡಾಕ್ಟರನೇ. ಧಾರವಾಡದವನು. ಈಗ ನಾವು ಯಾರ ದೇಶದಲ್ಲಿದ್ದೇವೋ ಆ ಇಂಗ್ಲಿಷರೇ ಆಗ ನಮ್ಮ ದೇಶವನ್ನು ಆಳುತ್ತಿದ್ದರು. ಅರಬ್ಬೀ ಸಮುದ್ರದ ಆಚೆಯ ದಂಡೆಯಲ್ಲಿ, ಮಸ್ಕತ್ತಿನಲ್ಲಿ, ಅವರದೊಂದು ದವಾಖಾನೆಯಿತ್ತು. ಅಪ್ಪನಿಗೆ ಅಲ್ಲಿಗೆ ವರ್ಗವಾಯಿತು. ನಾವು ಹೊರಟ ದಿನ ಧಾರವಾಡದ ಸ್ಟೇಶನ್ನಿನಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ, ಒಬ್ಬೊಬ್ಬರ ಕೈಯನ್ನೂ ಹಿಡಿದು ಮಾತು ತೆಗೆದುಕೊಂಡಳು. ಪರದೇಶದಲ್ಲಿ ಪರರ ಮನೆಯ ಒಂದು ಹನಿ ನೀರೂ ಬಾಯಿಗೆ ಹಾಕಬಾರದು ಎಂದು. ನಮ್ಮದು ಆಗ ಬಹಳ ಮಡಿಯ ಮನೆ. ಬೇರೆಯವರು ಮುಟ್ಟಿದ ನೀರು ಕುಡಿದರೆ ಕೆಟ್ಟೆವು ಎಂದು ನಂಬಿದ್ದೆವು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅದನ್ನು ಮುಚ್ಚಿಟ್ಟರೆ ಈ ಕತೆ ಮುಂದೆ ಹೋಗುವುದಿಲ್ಲ. ಅಪ್ಪ ಮಾತು ಕೊಟ್ಟ, ಅವ್ವ ಕೊಟ್ಟಳು, ಅಕ್ಕ ಕೊಟ್ಟಳು. ನಾನು ಟ್ರಂಕಿನ ಮೇಲೆ ನಿದ್ದೆ ಹೋಗಿದ್ದೆ. ಅಜ್ಜಿ ನನ್ನನ್ನು ಎಬ್ಬಿಸಲಿಲ್ಲ.

ಮಸ್ಕತ್ತಿನ ಆಚೆಗೆ ಕರಿಕಲ್ಲಿನ ಬೆಟ್ಟಗಳು ನೇರವಾಗಿ ಕಡಲಿಗೆ ಇಳಿಯುತ್ತವೆ. ಆ ಬೆಟ್ಟಗಳ ಸಂದಿಯಲ್ಲಿ ಬುಡಕಟ್ಟಿನ ಜನರ ಸಣ್ಣ ಊರುಗಳಿದ್ದವು. ಹಿಂದೆ ಅವರು ಹಾಯ್ದುಹೋಗುವ ಹಡಗುಗಳನ್ನು ತಡೆದು ದೋಚುತ್ತಿದ್ದರಂತೆ. ಇಂಗ್ಲಿಷರು ಅವರನ್ನು ಕಡಲ್ಗಳ್ಳರು ಎಂದರು. ಅವರೋ, ಇದು ನಮ್ಮ ಹಿರಿಯರ ಕಡಲು, ದಾಟುವವರು ಸುಂಕ ಕೊಡಲಿ ಎನ್ನುತ್ತಿದ್ದರು. ಇಂಗ್ಲಿಷರ ಬಳಿ ತೋಪಿನ ಹಡಗುಗಳಿದ್ದವು. ಎಲ್ಲಿಯಾದರೂ ಒಂದು ದೋಣಿ ಲೂಟಿಯಾದರೆ ಅಂಥ ಹಡಗು ಬಂದು ಆ ಊರಿನ ಕೋಟೆಗೆ ಗುಂಡು ಹಾರಿಸುತ್ತಿತ್ತು. ಕದ್ದವರು ಯಾರು, ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರು ಯಾರು ಎಂದು ಗುಂಡು ವಿಚಾರಿಸುವುದಿಲ್ಲ. ನಾವು ಹೋಗುವ ಹೊತ್ತಿಗೆ ಲೂಟಿ ಹೆಚ್ಚುಕಡಿಮೆ ನಿಂತಿತ್ತು. ಹೆದರಿಕೆ ಮಾತ್ರ ಎರಡೂ ಕಡೆ ಹಾಗೆಯೇ ಇತ್ತು.

ಅಪ್ಪ ವರ್ಷಕ್ಕೊಮ್ಮೆ ಹಾಯಿದೋಣಿಯಲ್ಲಿ ಹೋಗಿ ದಂಡೆಯ ಊರುಗಳ ಮಕ್ಕಳಿಗೆ ದೇವಿ ಹಾಕಿ ಬರುತ್ತಿದ್ದ. ಸಿಡುಬು ಬಾರದಂತೆ ತೋಳಿಗೆ ಚುಚ್ಚುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಆ ಸಲ ಅಕ್ಕನಿಗೆ ಜ್ವರ ಬಂದಿತ್ತು. ಅವಳನ್ನೂ ನನ್ನ ತುಂಟಾಟವನ್ನೂ ಒಟ್ಟಿಗೆ ಸಂಭಾಳಿಸಲಾರದೆ ಅವ್ವ ನನ್ನನ್ನು ಅಪ್ಪನ ಜೊತೆ ಕಳಿಸಿದಳು. ದೋಣಿಗೆ ಬಳಿದ ಮೀನೆಣ್ಣೆಯ ವಾಸನೆಗೆ ಮೊದಲ ದಿನವೆಲ್ಲ ನಾನು ಮೂಗು ಮುಚ್ಚಿಕೊಂಡೇ ಕೂತಿದ್ದೆ. ಅವಲಕ್ಕಿಯ ಡಬ್ಬಿ, ನಮ್ಮದೇ ನೀರಿನ ತಾಮ್ರದ ಕೊಡ, ಒದ್ದೆ ಬಟ್ಟೆ ಸುತ್ತಿದ ಔಷಧಿಯ ಪೆಟ್ಟಿಗೆ ನಮ್ಮ ಪಕ್ಕದಲ್ಲಿದ್ದವು. ಹಿಂಬದಿಯಲ್ಲಿ ಇಂಗ್ಲಿಷರ ಬಾವುಟ ಹಾರುತ್ತಿತ್ತು.

ಎರಡನೆಯ ದಿನ ಬೆಳಿಗ್ಗೆ ಗಾಳಿ ನಿಂತುಹೋಯಿತು. ಹಾಯಿ ಒಣಹಾಕಿದ ಸೀರೆಯ ಹಾಗೆ ಜೋತುಬಿತ್ತು. ಆಗ ಬೆಟ್ಟದ ಮೂಲೆಯ ಹಿಂದಿನಿಂದ ಎರಡು ಉದ್ದನೆಯ ದೋಣಿಗಳು ಬಂದವು. ಹುಟ್ಟುಗಳೆಲ್ಲ ಒಂದೇ ಸಲ ಏಳುತ್ತಿದ್ದವು, ಒಂದೇ ಸಲ ಬೀಳುತ್ತಿದ್ದವು. ನಮ್ಮ ದೋಣಿಯ ಯಜಮಾನ ಮೊದಲು ಮಾಡಿದ ಕೆಲಸವೆಂದರೆ ಬಾವುಟವನ್ನು ಕಿತ್ತು ಹಗ್ಗದ ರಾಶಿಯ ಕೆಳಗೆ ತುರುಕಿದ್ದು. ಬಂದವರ ಸೊಂಟದಲ್ಲಿ ಬಾಗಿದ ಕಠಾರಿಗಳಿದ್ದವು, ಹೆಗಲಲ್ಲಿ ಬಂದೂಕುಗಳಿದ್ದವು. ಒಬ್ಬ ನಮ್ಮ ದೋಣಿಗೆ ಹಾರಿ, ಅಪ್ಪನನ್ನೂ ಪೆಟ್ಟಿಗೆಯನ್ನೂ ನೋಡಿ, ದಂಡೆಯ ಕಡೆ ಬೆರಳು ಮಾಡಿದ.

"ನನ್ನ ಕೈ ಬಿಡಬ್ಯಾಡ," ಎಂದ ಅಪ್ಪ. "ಹೆದರಬ್ಯಾಡ, ನಾ ಅದೀನಿ."

ಅಪ್ಪನ ಅಂಗೈ ಬೆವರಿನಿಂದ ತೊಯ್ದಿತ್ತು. ನನ್ನ ಚಡ್ಡಿಯೂ ತೊಯ್ದಿತ್ತು. ಮರಿ, ನಗಬೇಡ. ನಿನ್ನ ಪ್ಲಾಸ್ಟಿಕ್ ಕತ್ತಿಯ ಕಡಲ್ಗಳ್ಳರು ಬಂದಿದ್ದರೆ ನಾನೂ ನಗುತ್ತಿದ್ದೆ.

ಊರಿನ ಮೇಲ್ಭಾಗದಲ್ಲಿ ಮಣ್ಣಿನ ಕೋಟೆಯಿತ್ತು. ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಕಣ್ಣು ಕತ್ತಲೆಗಟ್ಟಿತು. ಒಣಮೀನು, ಹೊಗೆ, ಏಲಕ್ಕಿಗಳ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಚಾಪೆಯ ಮೇಲೆ ಬಿಳಿ ಗಡ್ಡದ ಮುದುಕನೊಬ್ಬ ಕೂತಿದ್ದ. ಅವನೇ ಆ ಬುಡಕಟ್ಟಿನ ಶೇಖ್, ಅಂದರೆ ಹಿರಿಯ. ಗೋಡೆಗುಂಟ ಇಪ್ಪತ್ತು ಮಂದಿ ಗಂಡಸರು ಕೂತಿದ್ದರು. ಒಬ್ಬ ಉದ್ದ ಮೂತಿಯ ಪಾತ್ರೆಯಿಂದ ಬಟ್ಟಲಿಗೆ ಕಾಫಿ ಸುರಿದು ಅಪ್ಪನಿಗೆ ಕೊಟ್ಟ.

ಅಪ್ಪ ಬಟ್ಟಲನ್ನು ತೆಗೆದುಕೊಂಡು, ಕುಡಿಯದೆ ಮೆಲ್ಲನೆ ಚಾಪೆಯ ಮೇಲಿಟ್ಟು ಕೈ ಮುಗಿದ.

ಧಾರವಾಡದಲ್ಲಾದರೆ ಅದು ವಿನಯ. ಅಲ್ಲಿ ಅದರ ಅರ್ಥವೇ ಬೇರೆಯಾಗಿತ್ತು. ಗೋಡೆಗುಂಟ ಕೂತವರು ಒಬ್ಬೊಬ್ಬರಾಗಿ ನೆಟ್ಟಗಾದರು. ಯಾರೋ ಬಂದೂಕನ್ನು ತೊಡೆಯ ಮೇಲೆ ಎಳೆದುಕೊಂಡರು. ನಮ್ಮ ದೋಣಿಯ ಯಜಮಾನ ಅಪ್ಪನ ಕಿವಿಯ ಹತ್ತಿರ ಬಾಗಿ, ಹಿಂದುಸ್ತಾನಿಯಲ್ಲಿ ಪಿಸುಗುಟ್ಟಿದ. "ಡಾಕ್ಟರ್ ಸಾಹೇಬರೇ, ಕುಡಿಯಿರಿ. ಕುಡಿದವನು ಅತಿಥಿ, ಅವನ ಒಂದು ಕೂದಲನ್ನೂ ಇವರು ಮುಟ್ಟುವುದಿಲ್ಲ. ಕುಡಿಯದವನು ಹಗೆ."

ಅಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಅವನು ನನ್ನ ಕಡೆ ನೋಡಿ ಕನ್ನಡದಲ್ಲಿ ಹೇಳಿದ. "ನಾ ನಮ್ಮವ್ವಗ ಮಾತು ಕೊಟ್ಟೇನಿ."

ಅಪ್ಪ ಸಾಯುತ್ತಾನೆ ಎಂದು ನನಗೆ ಅನ್ನಿಸಿತು. ಅವನನ್ನು ಕೊಂದ ಮೇಲೆ ನನ್ನನ್ನು ಏನು ಮಾಡುತ್ತಾರೆ ಎಂಬ ಯೋಚನೆಯೂ ಅದರ ಬೆನ್ನಿಗೇ ಬಂತು. ಅಷ್ಟರಲ್ಲಿ ನನಗೆ ಧಾರವಾಡದ ಸ್ಟೇಶನ್ನು ನೆನಪಾಯಿತು. ಅಜ್ಜಿ ನನ್ನಿಂದ ಮಾತು ತೆಗೆದುಕೊಂಡಿರಲಿಲ್ಲವಲ್ಲ! ಕಾಫಿ ಸುರಿಯುವವನ ಕಡೆಗೆ ಕೈ ಚಾಚಿದೆ. ಅವನು ಹಿರಿಯನ ಮುಖ ನೋಡಿದ. ಹಿರಿಯ ತಲೆಯಾಡಿಸಿದ. ನನಗೂ ಒಂದು ಬಟ್ಟಲು ಬಂತು.

ಹಾಲಿಲ್ಲ, ಸಕ್ಕರೆಯಿಲ್ಲ, ಬೇವಿನಷ್ಟು ಕಹಿ. ಗಟಗಟನೆ ಕುಡಿದೆ. ಅವನು ಮತ್ತೆ ಸುರಿದ. ಮತ್ತೆ ಕುಡಿದೆ. ಮತ್ತೆ ಸುರಿದ. ಕುಡಿಯುವುದನ್ನು ನಿಲ್ಲಿಸಿದರೆ ಅಪ್ಪನ ಕತೆ ಮುಗಿಯಿತು ಎಂದೇ ನಾನು ತಿಳಿದಿದ್ದೆ. ನಾಲ್ಕು, ಐದು, ಆರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಂಬತ್ತನೆಯ ಬಟ್ಟಲು ಖಾಲಿಯಾದಾಗ ಹೆದರಿಕೆಗೋ ಕಾಫಿಗೋ ನನ್ನ ಕೈ ಗಡಗಡ ನಡುಗತೊಡಗಿತು. ಬಟ್ಟಲು ಆ ಕಡೆಗೂ ಈ ಕಡೆಗೂ ಅಲ್ಲಾಡಿತು. ಅಷ್ಟೇ, ಅವನು ಸುರಿಯುವುದನ್ನು ನಿಲ್ಲಿಸಿ ಬಟ್ಟಲನ್ನು ಇಸಿದುಕೊಂಡ.

ಸಾಕು ಎನ್ನಲು ಆ ಜನ ಬಟ್ಟಲನ್ನು ಅಲ್ಲಾಡಿಸುತ್ತಾರೆ. ಅದು ತಿಳಿದವನು ಮೂರಕ್ಕೆ ನಿಲ್ಲಿಸುತ್ತಾನೆ. ಹಿರಿಯ ಮೊದಲು ಗಡ್ಡದೊಳಗೇ ನಕ್ಕ, ಆಮೇಲೆ ಬಾಯ್ತುಂಬ ನಕ್ಕ. ಹುಡುಗ ನನ್ನ ಅತಿಥಿ, ಹುಡುಗನ ತಂದೆಯನ್ನು ಏನು ಮಾಡಲಿ ಎಂದನಂತೆ. ಬಂದೂಕುಗಳು ಮತ್ತೆ ಗೋಡೆಗೆ ಒರಗಿದವು. ಬೆಟ್ಟದಾಚೆಯ ಕಣಿವೆಗೆ ಸಿಡುಬು ಬಂದಿದೆ, ನಮ್ಮ ಮಕ್ಕಳಿಗೆ ಇನ್ನೂ ತಗುಲಿಲ್ಲ, ಸರ್ಕಾರದ ದೋಣಿ ನಮ್ಮಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಹಿಡಿದು ತಂದೆವು ಎಂದು ಹಿರಿಯ ಹೇಳಿದ್ದು ಆಮೇಲೆ ತಿಳಿಯಿತು. ನಿಜವೇ. ಹಳೆಯದೊಂದು ಲೂಟಿಯ ಕಾರಣಕ್ಕೆ ಆ ಊರಿನ ಹೆಸರು ಅಪ್ಪನ ಪಟ್ಟಿಯಲ್ಲಿರಲಿಲ್ಲ. ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿದರು. ಅಪ್ಪ ಪೆಟ್ಟಿಗೆ ತೆರೆಯಲು ಹೊರಗೆ ಹೋದ. ಅವನ ಬಟ್ಟಲು ಚಾಪೆಯ ಮೇಲೆ ಹಾಗೆಯೇ ಇತ್ತು.

ಆಗ ಕಡಲ ಕಡೆಯಿಂದ ಢಂ ಎಂಬ ಸದ್ದು ಬಂತು. ನೆಲ ಅದುರಿತು. ಕಿಂಡಿಯಿಂದ ನೋಡಿದರೆ ಇಂಗ್ಲಿಷರ ಬೂದು ಬಣ್ಣದ ಹಡಗು ನಿಂತಿತ್ತು. ಬಾವುಟವಿಲ್ಲದ ನಮ್ಮ ದೋಣಿ ಆ ದಂಡೆಯಲ್ಲಿರುವುದನ್ನು ಕಂಡು ಲೂಟಿಯಾಗಿದೆ ಎಂದುಕೊಂಡಿದ್ದರು. ಮೊದಲ ಗುಂಡು ನೀರಿಗೆ ಬಿದ್ದಿತ್ತು. ಅಪ್ಪ ಇಳಿಜಾರಿನಲ್ಲಿ ಓಡುತ್ತಿದ್ದುದು ಕಾಣಿಸಿತು. ಮನೆಯ ಹೊರಗೆ ಎಂದೂ ಬರಿತಲೆಯಲ್ಲಿ ನಿಲ್ಲದವನು ತಲೆಯ ಬಿಳಿ ರುಮಾಲನ್ನು ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಬೀಸುತ್ತಿದ್ದ. ಅಪ್ಪಾ ಎಂದು ಕಿರುಚಿದೆ. ಯಾರೋ ನನ್ನನ್ನು ಹಿಂದಿನಿಂದ ಎಳೆದು ಗೋಡೆಯ ಬುಡಕ್ಕೆ ಕೆಡವಿ ಮೇಲೆ ಬಿದ್ದರು. ಎರಡನೆಯ ಗುಂಡು ಕೋಟೆಯ ಮೂಲೆಗೆ ಬಡಿಯಿತು. ಕತ್ತಲು, ಧೂಳು, ಮಕ್ಕಳ ಚೀರಾಟ. ನನ್ನ ಕೆನ್ನೆಗೆ ಬಿಳಿಯ ಗಡ್ಡ ಚುಚ್ಚುತ್ತಿತ್ತು. ಆ ಮುದುಕ ತನ್ನ ಭಾಷೆಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ನನಗೆ ಅರ್ಥವಾಗಲಿಲ್ಲ, ಆದರೂ ಅದನ್ನೇ ಹಿಡಿದುಕೊಂಡು ಉಸಿರಾಡಿದೆ.

ಮೂರನೆಯ ಗುಂಡು ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅಪ್ಪ ಧೂಳಿನೊಳಗೆ ಓಡಿ ಬಂದು ನನ್ನ ಕೈಕಾಲು ಮುಟ್ಟಿ ಮುಟ್ಟಿ ನೋಡಿದ. ಅವನ ಹಿಂದೆಯೇ ಹಡಗಿನ ಅಧಿಕಾರಿ, ನಾಲ್ಕು ಜನ ಸಿಪಾಯಿಗಳು ಬಂದರು. ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ. "ಡಾಕ್ಟರ್, ಇವರು ನಿಮ್ಮನ್ನು ಬಲವಂತದಿಂದ ಹಿಡಿದು ತಂದರೇ?"

ಹೌದು ಎಂದರೆ ಕೋಟೆ ನೆಲಸಮ, ಅಂಗಳದ ಮಕ್ಕಳ ಗತಿ ದೇವರೇ ಬಲ್ಲ. ಇಲ್ಲ ಎಂದರೆ ಸುಳ್ಳು. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕಂಡವನಲ್ಲ. ಅವನು ಮುದುಕನ ಕಡೆ ನೋಡಿದ. ಕಲ್ಲು ಬಿದ್ದು ಮುದುಕನ ಹಣೆಯಿಂದ ರಕ್ತ ಇಳಿಯುತ್ತಿತ್ತು, ಆ ಕಲ್ಲು ನನ್ನ ತಲೆಗೆ ಬೀಳಬೇಕಾದದ್ದು. ಅಪ್ಪ ಬಾಗಿದ. ಚಾಪೆಯ ಮೇಲೆ ತಣ್ಣಗಾಗಿದ್ದ ತನ್ನ ಬಟ್ಟಲನ್ನು ಎತ್ತಿಕೊಂಡ. ಅದರ ಮೇಲೆ ಮಣ್ಣಿನ ಕೆನೆ ಕಟ್ಟಿತ್ತು. ಒಂದೇ ಗುಟುಕಿಗೆ ಕುಡಿದು ಬಾಯಿ ಒರೆಸಿಕೊಂಡ.

"ನಾನು ಇವರ ಅತಿಥಿ," ಎಂದ.

ಅಂದು ಸಂಜೆಯವರೆಗೆ ಅಪ್ಪ ಮಕ್ಕಳಿಗೆ ದೇವಿ ಹಾಕಿದ, ಮುದುಕನ ಹಣೆಗೆ ಹೊಲಿಗೆ ಹಾಕಿದ. ನಾನು ಅಪ್ಪನ ಕೋಟಿನ ತುದಿಯನ್ನು ಬಿಡಲೇ ಇಲ್ಲ. ಆಮೇಲೆ ಒಂದು ವರ್ಷ ಇನ್ನೊಂದು ಹೆದರಿಕೆ ನನ್ನನ್ನು ಕಾಡಿತು, ಅಜ್ಜಿಗೆ ತಿಳಿದರೆ ಏನು ಗತಿ ಎಂದು. ಧಾರವಾಡಕ್ಕೆ ಮರಳಿದಾಗ ಅಪ್ಪ ಕಾಲು ತೊಳೆಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟ. ಅಜ್ಜಿ ಕಂಬಕ್ಕೆ ಒರಗಿ ಕೂತುಬಿಟ್ಟಳು. ಆಮೇಲೆ ನನ್ನನ್ನು ಹತ್ತಿರ ಕರೆದಳು.

"ಅದರಾಗ ಸಕ್ಕರಿ ಇತ್ತೇನು?"

"ಇಲ್ಲ ಅಜ್ಜಿ. ಭಾಳ ಕಹಿ."

"ಸಕ್ಕರಿ ಇಲ್ಲದ್ದು ಒಂಬತ್ತು ಬಟ್ಟಲ ಕುಡದಿ? ಹುಚ್ಚಪ್ಪ!" ಎಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ಅವಳು ಅಳುತ್ತಿದ್ದಳು.

ನಿಮ್ಮ ತೋಳಿನ ಮೇಲೆ ದೇವಿ ಹಾಕಿದ ಗುರುತಿಲ್ಲ. ಸಿಡುಬು ಜಗತ್ತಿನಿಂದಲೇ ಹೋಯಿತು. ಟಿವಿಡೇಲಿನ ಗುಡಿಯಿಂದ ತಂದ ಪ್ರಸಾದವನ್ನು ನೀವು ನಮ್ಮ ಹಾರ್ಬೋರ್ನಿನ ಬೀದಿಯ ಎಲ್ಲ ಗೆಳೆಯರಿಗೂ ಹಂಚುತ್ತೀರಿ, ಅವರ ಮನೆಯಲ್ಲಿ ಉಂಡು ಬರುತ್ತೀರಿ. ಮಡಿ ಎಂದರೆ ಏನೆಂದು ನಿಮಗೆ ತಿಳಿಯದು, ತಿಳಿಯುವುದೂ ಬೇಡ. ಆದರೆ ಗುಂಡಿನ ಸದ್ದು ಮಾತ್ರ ಇನ್ನೂ ಮುಗಿದಿಲ್ಲ. ಪಕ್ಕದ ಮನೆಯ ಅಜ್ಜಿಯ ಊರಿನ ಮೇಲೆ ಈಗಲೂ ಆಕಾಶದಿಂದ ಬಾಂಬುಗಳು ಬೀಳುತ್ತಿವೆಯಂತೆ. ಹೋದ ವಾರ ಬಾನ್‌ಫೈರ್ ನೈಟಿಗೆ ನೀವು ತೋಟದಲ್ಲಿ ಪಟಾಕಿ ಸುಟ್ಟಾಗ ಅವರ ಮನೆಯ ದೀಪಗಳೆಲ್ಲ ಆರಿದ್ದವು. ಶನಿವಾರ ನಾನು ಮೂರನೆಯ ಬಟ್ಟಲು ಮುಗಿಸಿ ಅಲ್ಲಾಡಿಸಿದಾಗ ಅವರು ಸುರಿಯುವ ಕೈಯನ್ನು ಹಾಗೆಯೇ ನಿಲ್ಲಿಸಿ ನನ್ನನ್ನು ನೋಡಿದರು, ಆಮೇಲೆ ತಲೆವಸ್ತ್ರದ ತುದಿಯಿಂದ ಕಣ್ಣು ಒರೆಸಿಕೊಂಡರು. ನೀವು ಬಿಸ್ಕತ್ತಿನಲ್ಲಿ ಮುಳುಗಿದ್ದಿರಿ.

ಬರುವ ಶನಿವಾರ ಮತ್ತೆ ಹೋಗೋಣ. ಮರಿ, ಆ ಕಣ್ಣುಪಟ್ಟಿಯನ್ನು ಮನೆಯಲ್ಲಿಟ್ಟು ಬಾ. ಪುಟ್ಟಿ, ಬಟ್ಟಲನ್ನು ಬಲಗೈಯಲ್ಲಿ ತೆಗೆದುಕೊಂಡು ಒಂದು ಗುಟುಕಾದರೂ ಕುಡಿ, ಕಹಿಗೆ ಮುಖ ಕಿವುಚಿದರೂ ಅವರು ಬೇಸರಪಡುವುದಿಲ್ಲ. ತೊಂದರೆ ಇರುವುದು ನನಗೇ. ಈ ವಯಸ್ಸಿನಲ್ಲಿ ಕೈ ಯಾವ ಹೆದರಿಕೆಯೂ ಇಲ್ಲದೆ ತಾನಾಗಿಯೇ ನಡುಗುತ್ತದೆ, ಒಂದೇ ಬಟ್ಟಲಿಗೆ ಅವರು ಸುರಿಯುವುದನ್ನು ನಿಲ್ಲಿಸಿಬಿಟ್ಟಾರು. ಆದ್ದರಿಂದ ನೀವಿಬ್ಬರೂ ನನ್ನ ಆಚೀಚೆ ಕೂತು, ಮೂರು ಮುಗಿಯುವವರೆಗೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಿಮ್ಮಪ್ಪನಿಗೆ ಮಾತ್ರ ಹೇಳಬೇಡಿ.