ಬೂದಿಗೆ ಕೈಯಿಟ್ಟು ನೋಡುವ ಹೂವಪ್ಪ

ಬೆಳಗಿನ ಆರೂವರೆ. ಕಿಗ್ಗದ ಮೇಲಿನ ಬೋಳುಗುಡ್ಡದ ನೆತ್ತಿಯಲ್ಲಿ ಹೂವಪ್ಪ ಮಂಡಿಯೂರಿ ಕೂತು ಬೂದಿಯ ಮೇಲೆ ಅಂಗೈ ಹಿಡಿದಿದ್ದಾರೆ. ರಾತ್ರಿ ಇಲ್ಲಿ ಚಳಿ ಕಾಯಿಸಿದ ಚಾರಣಿಗರು ನಸುಕಿನಲ್ಲೇ ಇಳಿದು ಹೋಗಿದ್ದಾರೆ. ಪಾಪ, ಬೆಂಕಿಯ ಮೇಲೆ ಮಣ್ಣು ಮುಚ್ಚಿ, ಅದನ್ನು ಬೂಟುಗಾಲಿನಲ್ಲಿ ತುಳಿದು, ಕರ್ತವ್ಯ ಮುಗಿಯಿತೆಂದೇ ಹೋಗಿದ್ದಾರೆ. ಬೂದಿ ಮುಚ್ಚಿದ ಕೆಂಡ ಎಂದು ಮಾತಿಗೆ ಹೇಳುವವರು ನಾವೆಲ್ಲ. ಕೈಯಿಟ್ಟು ನೋಡುವವರು ಇವರೊಬ್ಬರೇ.

"ಬಿಸಿ ಅದೆ" ಅನ್ನುತ್ತಾರೆ. "ಮಣ್ಣು ಮುಚ್ಚಿದ್ರೆ ಬೆಂಕಿ ಸಾಯದಿಲ್ಲ ಮಾರಾಯ್ರೆ, ಮಲಗ್ತದೆ. ಬೇರು ಹಿಡ್ಕಂಡು ಒಳಗೊಳಗೇ ಹೋಗಿ, ನಾಕು ದಿನ ಬಿಟ್ಟು ಇನ್ನೆಲ್ಲೋ ಏಳ್ತದೆ."

ಐವತ್ತಾರರ ಹೂವಪ್ಪ ಡಿಸೆಂಬರಿನಿಂದ ಮೊದಲ ಮಳೆ ಬೀಳುವವರೆಗೆ ಇಲ್ಲಿ ದಿನಗೂಲಿಯ ಬೆಂಕಿ ಕಾವಲುಗಾರ. ದಿನಾ ಐದು ಕಿಲೋಮೀಟರ್ ಹತ್ತುವುದು, ಅಷ್ಟೇ ಇಳಿಯುವುದು. ಈ ಚಳಿಗಾಲದಲ್ಲಿ ಇದು ಹದಿನೇಳನೆಯ ಒಲೆ. ಒಂದೊಂದಕ್ಕೂ ಕೆಳಗಿನ ಹಳ್ಳದಿಂದ ಎರಡು ಕ್ಯಾನು ನೀರು ಹೊರಬೇಕು. ಬೂದಿ ಕೆದಕಿ, ನೀರು ಹೊಯ್ದು, ಕಲಸಿ, ಅಂಗೈಗೆ ತಣ್ಣಗೆ ತಾಗುವವರೆಗೂ ಅವರು ಏಳುವುದಿಲ್ಲ. ಆಮೇಲೆ ಸುತ್ತಲಿನ ಕಲ್ಲುಗಳನ್ನು ಹೊತ್ತು ಪೊದೆಗಳೊಳಗೆ ಚದುರಿಸಿ, ಮಸಿ ಹಿಡಿದ ಬದಿಯನ್ನು ಕೆಳಗೆ ಮಾಡಿ ಇಡುತ್ತಾರೆ. ಒಲೆಯ ಗುರುತು ಕಂಡರೆ ಸಾಕು, ಮುಂದೆ ಬಂದವರು ಇದೇ ಜಾಗವೆಂದು ಅಲ್ಲೇ ಕಡ್ಡಿ ಗೀರುತ್ತಾರೆ.

ಇಡೀ ದಿನ ಮಾತಿಗೆ ಒಂದು ನರಪಿಳ್ಳೆಯೂ ಸಿಗುವುದಿಲ್ಲ. ಒರಗಿದ ಹುಲ್ಲು ನೋಡಿ ಎಷ್ಟು ಜನ ಕೂತಿದ್ದರೆಂದು ಲೆಕ್ಕ ಹಾಕುತ್ತಾರೆ. ಇವತ್ತು ಆರು. ಒಬ್ಬ ತುಸು ದೂರ ಕೂತಿದ್ದಾನೆ. ಜಗಳವೋ, ಸಂಕೋಚವೋ ಎಂದು ಯೋಚಿಸುತ್ತ ತಣ್ಣಗಾದ ಅಕ್ಕಿರೊಟ್ಟಿ ಮುರಿಯುತ್ತಾರೆ. ಅದನ್ನು ಬಿಸಿ ಮಾಡಿಕೊಳ್ಳಲಿಕ್ಕೂ ಈ ಗುಡ್ಡದಲ್ಲಿ ಅವರು ಎಂದೂ ಬೆಂಕಿ ಹಾಕಿಲ್ಲ.

"ನಂಗೂ ಚಳಿ ಆಗ್ತದೆ. ಅವ್ರು ಇದ್ದಾಗ ಬಂದಿದ್ರೆ ಒಂದು ಗಳಿಗೆ ಜೊತೆಗೆ ಕೂರ್ಬೋದಿತ್ತು ಅನ್ಸ್ತದೆ. ಎಂತ ಮಾಡದು, ನನ್ನ ಕೆಲ್ಸ ಶುರುವಾಗದೇ ಅವ್ರು ಹೋದ್ಮೇಲೆ." ಇದನ್ನು ನಗುತ್ತಲೇ ಹೇಳುತ್ತಾರೆ, ಕೇಳುವವರಿಗೆ ಸಂಕಟವಾಗುತ್ತದೆ.

ಈಗ ಆ ಕೆಲಸಕ್ಕೇ ಸಂಚಕಾರ ಬಂದಿದೆ. ಮೂರು ವರ್ಷದಿಂದ ಬೋಳುಗುಡ್ಡ ಹೊತ್ತಿ ಉರಿದಿಲ್ಲ. ಉರಿಯದ ಗುಡ್ಡಕ್ಕೆ ಕಾವಲುಗಾರ ಯಾಕೆ ಎಂಬ ಪ್ರಶ್ನೆ ಅರಣ್ಯ ಇಲಾಖೆಯಲ್ಲಿ ಎದ್ದಿದೆ. ನಾಳೆ ಸಾಹೇಬರೇ ಹತ್ತಿ ಬಂದು ನೋಡಿ ತೀರ್ಮಾನಿಸುತ್ತಾರೆ. ಕೆಲಸ ಚೆನ್ನಾಗಿ ಮಾಡಿದ್ದೇ ತಪ್ಪಾಯಿತು. ಫಾರೆಸ್ಟ್ ಗಾರ್ಡ್ ಸುಂದರೇಶ್ ಕಳಕಳಿಯಿಂದಲೇ ನಿನ್ನೆ ಒಂದು ಉಪಾಯ ಹೇಳಿದ್ದರು: "ಇನ್ನು ಒಲೆ ಸಿಕ್ಕಿದ್ರೆ ಹಾಗೇ ಬಿಡು ಹೂವಪ್ಪ. ಸಾಹೇಬ್ರ ಕಣ್ಣಿಗೆ ಎಂತಾದ್ರೂ ಕಾಣ್ಬೇಕಲ್ಲ." ಮನೆಯಲ್ಲಿ ಹೆಂಡತಿ ಯಮುನಮ್ಮನದೂ ಅದೇ ಮಾತು.

ಬೂದಿ ತಣ್ಣಗಾಗಿದೆ. ಒಂಬತ್ತು ಕಲ್ಲುಗಳು ಮಾತ್ರ ಸುತ್ತಲೂ ಇದ್ದಲ್ಲೇ ಇವೆ. ಹೂವಪ್ಪ ಬಹಳ ಹೊತ್ತು ಅವನ್ನೇ ನೋಡುತ್ತಾರೆ. ಸಂಜೆ ಇನ್ನೊಂದು ತಂಡ ಬರುವುದಿದೆ. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ಮೊದಲನೆಯ ಕಲ್ಲನ್ನು ಎತ್ತಿಕೊಳ್ಳುತ್ತಾರೆ.

ಒಂಬತ್ತೂ ಪೊದೆ ಸೇರಿದ ಮೇಲೆ ಅಲ್ಲಿ ಒಲೆಯಿತ್ತೆಂದು ಹೇಳಿದರೂ ಯಾರೂ ನಂಬುವಂತಿಲ್ಲ. ಹಾಗಾದರೆ ನಾಳೆ ಸಾಹೇಬರಿಗೆ ತೋರಿಸುವುದೇನು ಎಂದು ಕೇಳಿದರೆ, ಹೂವಪ್ಪ ಇಳಿಜಾರಿನ ಕಡೆ ಕೈ ಮಾಡುತ್ತಾರೆ.

"ಹುಲ್ಲು ತೋರಿಸ್ತೀನಿ. ಮೂರು ವರ್ಷದ್ದು."