ಬೀಡಿ ನೂಲಿನ ಗಂಟು

ವಾಮದಪದವಿನ ವಿಸ್ಮಿತಾಳಿಗೆ ಸಿಟ್ಟು ಬಂದರೆ ಬಯ್ಯುವುದಿಲ್ಲ. ಬಯ್ದರೆ ಹೇಗೋ ಬದುಕಿಕೊಳ್ಳಬಹುದು. ಸುಮ್ಮನಾದಳೋ, ನೀವು ಕೆಟ್ಟಿರಿ ಅಂತಲೇ ತಿಳಿಯಿರಿ.

ಅಪ್ಪ ಮಾಯಿಲಪ್ಪ ಊರಿನ ಭೂತಕೋಲಕ್ಕೆ, ಮದುವೆಗೆ ಮೈಕ್ ಸೆಟ್ ಕಟ್ಟುತ್ತಿದ್ದವರು. ಅಮ್ಮ ಸೇಸಮ್ಮ ಬೀಡಿ ಕಟ್ಟುತ್ತಿದ್ದವರು. ಮಗಳು ಎರಡನ್ನೂ ಕಲಿತಳು. ಗಾಜಿನ ವಾಲ್ವುಗಳಿದ್ದ ಹಳೆಯ ಮೈಕ್ ಸೆಟ್ಟಿನೊಳಗಿನ ವಯರುಗಳನ್ನು ಒಟ್ಟುಮಾಡಿ ಬೀಡಿ ನೂಲಿನಲ್ಲಿ ಬಿಗಿಯುವುದು ಅವಳದ್ದೇ ಕ್ರಮ. ಮೊದಲು ನೋಡಿ ನಕ್ಕ ಅಪ್ಪ ಆಮೇಲೆ ತಾವೂ ಹಾಗೆಯೇ ಕಟ್ಟತೊಡಗಿದರು.

ಅಪ್ಪ ತೀರಿಹೋದ ಮೇಲೆ ಅವರ ಮೈಕ್ ಅಂಗಡಿಯ ಕುರ್ಚಿಯಲ್ಲಿ ಅಣ್ಣ ದಯಾನಂದ ಕೂತ, ಹಿಂದಿನ ಕೋಣೆಯ ಬೆಂಚಿನಲ್ಲಿ ಇವಳು. ಮಾತು ಅವನದ್ದು, ಕೆಲಸ ಇವಳದ್ದು. ಗಿರಾಕಿ ಬಂದರೆ ಚಾ ತರುವುದೂ ಇವಳೇ!

ಒಂದು ದಿನ ಬಂಟ್ವಾಳದ ಸಾಬಿತ್ ಬಂದ. ದುಬೈಯ ಹೋಟೆಲಿನಲ್ಲಿ ಜಾಝ್ ಗಿಟಾರ್ ಬಾರಿಸಿ ಊರಿಗೆ ಮರಳಿದವನು. "ನನಗೊಂದು ಆಂಪ್ಲಿಫೈಯರ್ ಬೇಕು ದಯಣ್ಣ. ವಾಲ್ವಿನದ್ದೇ ಆಗಬೇಕು, ಕೈಯಲ್ಲೇ ಕಟ್ಟಬೇಕು. ಕಿರುಚಬಾರದು, ಎದುರು ಕೂತು ಮಾತಾಡಿದ ಹಾಗೆ ಕೇಳಬೇಕು" ಅಂದ.

"ಅದಕ್ಕೇನು, ಮಾಡಿಕೊಡ್ತೇನೆ" ಅಂದ ದಯಾನಂದ.

ಮಾಡಿದವಳು ವಿಸ್ಮಿತಾ. ಟ್ರಾನ್ಸ್‌ಫಾರ್ಮರಿಗೆ ತಾನೇ ತಂತಿ ಸುತ್ತಿದಳು. ಸ್ವರ ದುಂಡಗಾಗುವ ತನಕ ಕೆಪಾಸಿಟರುಗಳನ್ನು ಹಾಕಿ ಕೇಳಿ, ಕಿತ್ತು, ಮತ್ತೆ ಹಾಕಿದಳು. ಬೆರಳ ತುದಿಗಳೆಲ್ಲ ಸುಟ್ಟವು. ಕೊನೆಗೆ ಸಾಬಿತ್ ಬಂದು ಬಾರಿಸಿದಾಗ ಅವನ ಕಣ್ಣು ಒದ್ದೆಯಾಯಿತು. "ದಯಣ್ಣ, ನಿಮ್ಮ ಕೈಗೆ ಬಂಗಾರದ ಬಳೆ ಹಾಕಬೇಕು ಮಾರಾಯ್ರೆ!"

ಚಾದ ತಟ್ಟೆ ಹಿಡಿದು ಅವಳು ಅಲ್ಲೇ ನಿಂತಿದ್ದಳು. ಈಗಲಾದರೂ ಹೇಳುತ್ತಾನೆ ಅಂತ ಅಣ್ಣನ ಮುಖ ನೋಡಿದಳು.

"ಇವಳು ನನ್ನ ತಂಗಿ" ಅಂದ ಅವನು. "ಚಾ ಒಳ್ಳೆದು ಮಾಡ್ತಾಳೆ."

ವಿಸ್ಮಿತಾ ಸುಮ್ಮನಾದಳು.

ಮೂಡಬಿದಿರೆಯಲ್ಲಿ ಸಾಬಿತನ ಕಾರ್ಯಕ್ರಮ, ಅದರಲ್ಲೇ ದಯಾನಂದನಿಗೆ ಸನ್ಮಾನ ಅಂತ ಆಯಿತು. ಆಂಪ್ಲಿಫೈಯರಿನ ಪೆಟ್ಟಿಗೆಗೆ ಪಾಲಿಶ್ ಬಾಕಿ ಇತ್ತು, ಹಾಗಾಗಿ ಅದು ಅಂಗಡಿಯಲ್ಲೇ ಉಳಿದಿತ್ತು. ಅವಳು ಮೊದಲ ವಾಲ್ವಿನ ಅರ್ತ್ ವಯರಿನ ಬೆಸುಗೆ ಕರಗಿಸಿ ತೆಗೆದು, ಬರೀ ಬೀಡಿ ನೂಲಿನಲ್ಲಿ ಕಟ್ಟಿಟ್ಟಳು. ಒಳಗೆಲ್ಲ ಅದೇ ನೂಲು, ಯಾರಿಗೆ ಗೊತ್ತಾಗಬೇಕು? ಅಂಗಡಿಯಲ್ಲಿ ಸರಿ ಇರುತ್ತದೆ, ಓಮ್ನಿ ವ್ಯಾನಿನಲ್ಲಿ ಮೂಡಬಿದಿರೆಯ ತನಕ ಕುಲುಕಿದರೆ ಸಡಿಲಾಗಿ ಗುಂಯ್‌ಗುಡುತ್ತದೆ. ಊರೆದುರು ಅವನ ಮರ್ಯಾದೆ ಹೋಗಲಿ! ಗಂಟು ಬಿಗಿಯುವಾಗ ಅವಳಿಗೆ ಎಷ್ಟು ಖುಷಿಯಾಯಿತು ಅಂತೀರಿ!

ಮೂಡಬಿದಿರೆಯ ವೇದಿಕೆಯಲ್ಲಿ ದಯಾನಂದನಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸಾಬಿತ್ ಗಿಟಾರ್ ಸಿಕ್ಕಿಸಿದ್ದೇ ತಡ, ಗುಂಯ್ ಅಂತ ಹಾಲ್ ಇಡೀ ತುಂಬಿತು. ಜನ ಕಿವಿ ಮುಚ್ಚಿಕೊಂಡು ನಕ್ಕರು.

"ದಯಣ್ಣ, ಸ್ವಲ್ಪ ನೋಡಿ."

ದಯಾನಂದ ಬೆವರುತ್ತಾ ಹಿಂದಿನ ಹಲಗೆ ಬಿಚ್ಚಿದ. ಸ್ವಿಚ್ ಆಫ್ ಮಾಡುವ ಬುದ್ಧಿಯೂ ಇಲ್ಲದೆ, ಎಲ್ಲಿಂದ ಗುಂಯ್ ಅನ್ನುತ್ತದೆಂದು ಹುಡುಕುತ್ತಾ ಬೆರಳು ಒಳಗೆ ಹಾಕತೊಡಗಿದ. ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದ ವಿಸ್ಮಿತಾ ತಟ್ಟನೆ ಎದ್ದಳು. ಅಲ್ಲಿರುವುದು ನಾನೂರು ವೋಲ್ಟ್! ಅವಳಿಗೆ ಬೇಕಾದದ್ದು ಅವನ ಮರ್ಯಾದೆ, ಜೀವ ಅಲ್ಲ.

"ಅಣ್ಣಾ, ಕೈ ತೆಗಿ!"

ವೇದಿಕೆಗೆ ಓಡಿ ಪ್ಲಗ್ ಕಿತ್ತಳು, ಕೆಪಾಸಿಟರಿನಲ್ಲಿ ಉಳಿದಿದ್ದ ಕರೆಂಟು ಇಳಿಸಿದಳು. ಬ್ಯಾಗಿನಿಂದ ಬೆಸುಗೆಯ ಕಡ್ಡಿ ಹೊರತೆಗೆದಾಗ ದಯಾನಂದ ಬೆಸುಗೆಯಿಲ್ಲದ ಆ ಬೋಳು ಗಂಟನ್ನೂ ಅವಳನ್ನೂ ನೋಡಿದ.

"ನೀನೇ ಬಿಚ್ಚಿದ್ದಾ?" ಪಿಸುಗುಟ್ಟಿದ.

"ನಾನೇ. ಕಟ್ಟಿದ್ದು ಯಾರು ಅಂತ ಈಗ ನೀನು ಹೇಳು. ಆಮೇಲೆ ಸರಿ ಮಾಡ್ತೇನೆ."

"ಮನೆಗೆ ಹೋಗಿ ಮಾತಾಡುವ ಮಾರಾಯ್ತಿ."

"ಮನೆಯಲ್ಲಿ ಮಾತಾಡಿದ್ದು ಸಾಕು. ಮೈಕ್ ಉಂಟಲ್ಲ."

ದಯಾನಂದ ಮೈಕಿನ ಹತ್ತಿರ ಬಾಯಿ ತಂದ. "ಇದನ್ನು ಮಾಡಿದ್ದು ನನ್ನ ತಂಗಿ. ಎಲ್ಲ ಅವಳೇ ಮಾಡಿದ್ದು."

ಅವಳು ಬೆಸುಗೆ ಹಾಕಿ ಪ್ಲಗ್ ಸಿಕ್ಕಿಸಿದಳು. ಸಾಬಿತ್ ತಂತಿ ಮುಟ್ಟಿದ. ಸ್ವರ ಎದುರು ಕೂತು ಮಾತಾಡಿದ ಹಾಗೇ ಬಂತು.

ದಯಾನಂದ ಶಾಲು ತೆಗೆದು ಅವಳ ಹೆಗಲಿಗೆ ಹಾಕಲು ಬಂದ. ಅವಳು ಹಿಂದೆ ಸರಿದಳು.

"ಶಾಲು ನೀನೇ ಇಟ್ಟುಕೋ ಅಣ್ಣ. ಸಾಬಿತಣ್ಣನಿಗೂ ನನಗೂ ಚಾ ತಾ. ನನ್ನದಕ್ಕೆ ಸಕ್ಕರೆ ಕಡಿಮೆ."

ಊರಿಡೀ ನೋಡುತ್ತಿದ್ದಂತೆ, ಹಾರ ಹಾಕಿಕೊಂಡೇ, ದಯಾನಂದ ಚಾ ತರಲು ಮೆಟ್ಟಿಲಿಳಿದ.