ಶೆಟ್ಟೆಪ್ಪ ಖರೇನ ಗೆದ್ದ ಆಟ

ಕುಲಗೋಡದ ಶೆಟ್ಟೆಪ್ಪ ತೀರಿಕೊಂಡ ಹನ್ನೊಂದನೆಯ ದಿನ ಅವನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಒಂದು ಮಾತು ನನ್ನ ಕಿವಿಗೆ ಬಿತ್ತು. "ಜಡ್ಡಿನ ಮನಷ್ಯಾ ಅಂತ ಗಫಾರ ಮಾಸ್ತರ ಒಂದ ಆಟ ಬಿಟ್ಟಕೊಟ್ರ ನೋಡ. ದೊಡ್ಡ ಮನಸ್ಸಿನವ್ರು." ಹೇಳಿದವರಿಗೆ ನಾನು ಕಂಬದ ಆಚೆ ಕುಳಿತಿರುವುದು ಗೊತ್ತಿರಲಿಲ್ಲ. ನನ್ನನ್ನು ಹೊಗಳಲೆಂದೇ ಆಡಿದ ಮಾತು ಅದು. ಆದರೆ ಸುಳ್ಳು. ಶೆಟ್ಟೆಪ್ಪ ಬದುಕಿದ್ದರೆ ತಾನೇ ಎದ್ದು ಬಂದು ಜಗಳ ತೆಗೆಯುತ್ತಿದ್ದ. ಈಗ ಅವನಿಲ್ಲ, ಆದ್ದರಿಂದ ನಾನು ಬರೆಯಬೇಕಾಗಿದೆ.

ಒಮ್ಮೆ ಬಿಟ್ಟುಕೊಟ್ಟಿದ್ದು ನಿಜ. ಅದು ಬೇರೆ ಆಟ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ನನ್ನ ಊರು ಹುಕ್ಕೇರಿ. ಕುಲಗೋಡದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದೆ, ಅಷ್ಟೂ ವರ್ಷ ಶೆಟ್ಟೆಪ್ಪನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವನಿಗೆ ಸ್ವಂತದ್ದು ಒಂದೂವರೆ ಎಕರೆ. ಆದರೆ ಊರಿನಲ್ಲಿ ಅವನ ಹೆಸರು ನಿಂತಿದ್ದು ಮಂದಿಯ ಕಬ್ಬಿಗೆ ನೀರು ಹಾಯಿಸುವುದರಲ್ಲಿ. ಕಾಲುವೆಯ ಸರದಿ ಬಂತೆಂದರೆ ಸಲಿಕೆ ಹೆಗಲ ಮೇಲಿಟ್ಟು ಹೊರಡುತ್ತಿದ್ದ. ಹೊಲದ ಏರು ತಗ್ಗು ಅವನ ಅಂಗಾಲಿಗೆ ಗೊತ್ತಿತ್ತು. ನೀರು ಕೊನೆಯ ಸಾಲು ಮುಟ್ಟುವವರೆಗೆ ಅವನು ಕೂತದ್ದನ್ನು ಯಾರೂ ನೋಡಿಲ್ಲ.

ಅಲ್ಲಿಗೆ ಬಂದ ವರ್ಷವೇ ಗಣಿತ ಮಾಸ್ತರರ ಒಂದು ತರಬೇತಿಯಲ್ಲಿ ನನಗೆ ಹೆಕ್ಸ್ ಎಂಬ ಆಟ ಸಿಕ್ಕಿತು. ಆರು ಬದಿಯ ಮನೆಗಳು ಜೇನುಹುಟ್ಟಿನಂತೆ ಹೆಣೆದುಕೊಂಡಿರುವ ಹಲಗೆ, ಉದ್ದಕ್ಕೂ ಅಡ್ಡಕ್ಕೂ ಹನ್ನೊಂದು ಮನೆ. ಒಬ್ಬನು ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ತನ್ನ ಕಾಯಿಗಳ ಸಾಲು ಕೂಡಿಸಬೇಕು, ಇನ್ನೊಬ್ಬನು ಎಡದಿಂದ ಬಲಕ್ಕೆ. ಇಟ್ಟ ಕಾಯಿ ಕದಲುವುದಿಲ್ಲ, ಸಾಯುವುದೂ ಇಲ್ಲ. ಡ್ರಾ ಎಂಬುದಿಲ್ಲ, ಒಬ್ಬರು ಗೆಲ್ಲಲೇಬೇಕು. ನಾನು ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ಹಲಗೆ ಬರೆದೆ. ಅವನ ಕಾಯಿ ಹುಣಸೆ ಬೀಜ, ನನ್ನದು ಗೋವಿನಜೋಳದ ಕಾಳು. ಹೆಕ್ಸ್ ಅನ್ನುವ ಹೆಸರು ಅವನಿಗೆ ರುಚಿಸಲಿಲ್ಲ. ಈ ದಂಡೆಯಿಂದ ಆ ದಂಡೆಗೆ ಕೂಡಿಸುವುದರಿಂದ 'ದಂಡಿ ಆಟ' ಎಂದು ಕರೆದ. ನಮ್ಮಿಬ್ಬರ ನಡುವೆ ಅದೇ ಉಳಿಯಿತು.

ಹನ್ನೊಂದು ವರ್ಷದಲ್ಲಿ ಅವನು ಒಂದು ಆಟವನ್ನೂ ಗೆಲ್ಲಲಿಲ್ಲ. ಕಾರಣ ನನಗೆ ಮೊದಲ ವಾರವೇ ತಿಳಿದಿತ್ತು. ಅವನು ಬೀಜಗಳನ್ನು ನೀರು ಬಿಟ್ಟಂತೆ ಬಿಡುತ್ತಿದ್ದ. ಮೇಲಿನ ದಂಡೆಯಲ್ಲಿ ಒಂದು, ಅದಕ್ಕೆ ತಗುಲಿ ಇನ್ನೊಂದು, ಅದಕ್ಕೆ ತಗುಲಿ ಮತ್ತೊಂದು. ನಡುವೆ ಮನೆ ಬಿಟ್ಟು ಮುಂದೆ ಇಡು ಎಂದರೆ, ನೀರು ಎಲ್ಲಾದರೂ ಜಿಗಿದು ಹೋದದ್ದನ್ನು ನೋಡಿದ್ದೀರಾ ಎಂದು ನನ್ನನ್ನೇ ಕೇಳುತ್ತಿದ್ದ. ಸೋತಾಗ ನಗುತ್ತ ಬೀಜಗಳನ್ನು ಡಬ್ಬಿಗೆ ತುಂಬುತ್ತಿದ್ದ. ಅವನ ಹೆಂಡತಿ ಅಲ್ಲವ್ವ, ಸೋಲುವುದಕ್ಕೆ ಇಷ್ಟು ಹೊತ್ತು ಬೇಕೇ ಎಂದು ಒಳಗಿನಿಂದಲೇ ಚುಚ್ಚುತ್ತಿದ್ದಳು.

ನಾನು ನಿವೃತ್ತನಾಗಿ ಹುಕ್ಕೇರಿಗೆ ಮರಳಿದ ಎರಡು ವರ್ಷಕ್ಕೆ ಅವನ ಎರಡೂ ಮೂತ್ರಪಿಂಡ ಕೆಟ್ಟವು. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಕುಲಗೋಡದಿಂದ ಬಸ್ಸಿನಲ್ಲಿ ಗೋಕಾಕಕ್ಕೆ ಬಂದು ನಾಲ್ಕು ತಾಸು ಡಯಾಲಿಸಿಸ್‌ಗೆ ಮಲಗಬೇಕು. ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವಂತಿಲ್ಲ. ಜೀವನವೆಲ್ಲ ನೀರಿನಲ್ಲಿ ನಿಂತವನಿಗೆ ಈ ಕಟ್ಟಳೆ.

ಹುಕ್ಕೇರಿಯಿಂದ ನಾನೂ ಆ ದಿನಗಳಂದು ಗೋಕಾಕಕ್ಕೆ ಹೋಗತೊಡಗಿದೆ. ಎಡಗೈಗೆ ಸೂಜಿ ಚುಚ್ಚಿರುತ್ತಿತ್ತು, ಬಲಗೈ ಬಿಡುವಾಗಿತ್ತು. ಹಲಗೆಯನ್ನು ಅವನ ಹೊಟ್ಟೆಯ ಮೇಲಿಟ್ಟು ಆಡುತ್ತಿದ್ದೆವು. ಮೂರನೆಯ ವಾರವೋ ನಾಲ್ಕನೆಯದೋ, ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನು ನನ್ನ ಎರಡು ಕಾಳುಗಳ ನಡುವೆ ಬೀಜ ಇಟ್ಟ. ನಾನು ಪಕ್ಕದ ಮನೆಯಲ್ಲಿ ಕಾಳಿಟ್ಟರೆ ಮುಗಿಯುತ್ತಿತ್ತು. ಇಡಲಿಲ್ಲ. ಬೇರೆಲ್ಲೋ ಇಟ್ಟೆ. ಅವನ ಸಾಲು ಕೆಳಗಿನ ದಂಡೆ ಮುಟ್ಟಿತು.

ಮುಂದಿನ ಸೋಮವಾರ ಅವನು ಬಸ್ ನಿಲ್ದಾಣದ ಎದುರಿನ ಅಂಗಡಿಯಿಂದ ಕರದಂಟು ತಂದು ವಾರ್ಡಿನಲ್ಲೆಲ್ಲ ಹಂಚಿದ. ತಾನು ತಿನ್ನುವಂತಿರಲಿಲ್ಲ, ಆದರೂ ಪ್ರತಿಯೊಬ್ಬರ ಕೈಗೆ ತಾನೇ ಇಟ್ಟ. ನರ್ಸ್ ಅಲ್ಮಾಸ, ಮೊಮ್ಮಗ ಹುಟ್ಟಿದನೇನೋ ಎಂದು ವಿಚಾರಿಸಿದಳು. ಅದಕ್ಕಿಂತ ದೊಡ್ಡ ಸುದ್ದಿ ಎಂದ. ನಾನೂ ಒಂದು ತುಂಡು ತಿಂದೆ.

ಒಂದು ಸಲ ಗೆದ್ದವನಿಗೆ ಇನ್ನೊಮ್ಮೆ ಗೆಲ್ಲುವ ಆಸೆ ಬಂತು. ಆಟ ಸುಧಾರಿಸಲು ದಾರಿ ಏನು ಎಂದು ಕೇಳಿದ. ಒಗಟು ಬಿಡಿಸುವುದು ಎಂದೆ. ಅರ್ಧ ಆಡಿ ನಿಲ್ಲಿಸಿದ ಆಟದ ಚಿತ್ರ ಕೊಡುತ್ತಾರೆ, ಗೆಲ್ಲಲು ಒಂದೇ ಒಂದು ಮನೆ ಇರುತ್ತದೆ, ಅದನ್ನು ಹುಡುಕಬೇಕು. ಕೆಲವನ್ನು ಅಂತರ್ಜಾಲದಿಂದ ಇಳಿಸಿ ಹುಕ್ಕೇರಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿದೆ, ಕೆಲವನ್ನು ನಾನೇ ಬರೆದೆ. ಅವನು ಅವುಗಳನ್ನು ಲೆಕ್ಕ ಎನ್ನುತ್ತಿದ್ದ.

ಹದಿನೇಳನೆಯ ಲೆಕ್ಕದಲ್ಲಿ ಎರಡು ಬೀಜಗಳು ಒಂದಕ್ಕೊಂದು ತಗುಲಿರಲಿಲ್ಲ. ಆದರೆ ನಡುವಿನ ಎರಡು ಖಾಲಿ ಮನೆಗಳೂ ಎರಡೂ ಬೀಜಗಳಿಗೆ ತಗುಲಿದ್ದವು. ಎದುರಾಳಿ ಒಂದರಲ್ಲಿ ಬಂದರೆ ನಾವು ಇನ್ನೊಂದರಲ್ಲಿ ಇಟ್ಟರಾಯಿತು, ಕೊಂಡಿ ತಪ್ಪುವುದಿಲ್ಲ. ತಗುಲಿಸದೆಯೂ ಕೂಡಿಸಬಹುದೆಂಬುದು ಅವನಿಗೆ ಅಂದು ಹೊಳೆಯಿತು. ಇದು ಜೋಡು ದಾರಿ ಎಂದು ತಾನೇ ಹೆಸರಿಟ್ಟ. ಆಮೇಲೆ ಆ ಎರಡು ಖಾಲಿ ಮನೆಗಳ ಮೇಲೆ ಬೆರಳಿಟ್ಟ.

"ಮಾಸ್ತರ, ಆವತ್ತ ನಾ ಹಿಂಗ ನಡಬರಕ ಬಂದಿದ್ನಿ. ನೀವ ಬಾಜೂ ಒಂದ ಕಾಳ ಇಟ್ಟಿದ್ರ ಮುಗೀತಿತ್ತು. ಯಾಕ ಇಡಲಿಲ್ಲ?"

ಕಾಣಲಿಲ್ಲ ಎಂದೆ.

"ಹನ್ನೊಂದ ವರ್ಷ ಕಂಡದ್ದು ಆವತ್ತ ಒಂದಿನ ಕಾಣಲಿಲ್ಲೇನ್ರಿ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾ ಕರದಂಟ ಹಂಚಿದ್ನಿ," ಎಂದ.

ಯಂತ್ರ ಕೂಗಿ, ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದು ಕೂತಾಗ ಅವನು ತನ್ನ ತೀರ್ಮಾನ ಹೇಳಿದ. ಇನ್ನು ಮುಂದೆ ಆಟ ಇಲ್ಲ. ಲೆಕ್ಕಗಳನ್ನಷ್ಟೇ ತರಬೇಕು. ಆಟ ಯಾವಾಗ ಎಂಬುದನ್ನು ಅವನೇ ಹೇಳುತ್ತಾನೆ, ಅಂದು ನಾನು ಪೂರ್ತಿ ಬಲ ಹಾಕಿ ಆಡಬೇಕು. ಆಡದಿದ್ದರೆ ಗೊತ್ತಾಗುವಷ್ಟು ಅವನು ಅಷ್ಟರಲ್ಲಿ ಕಲಿತಿರುತ್ತಾನೆ.

ಎಂಟು ತಿಂಗಳು ಹೀಗೆ ನಡೆಯಿತು. ಸೋಮವಾರ ಮೂರು ಲೆಕ್ಕ, ಗುರುವಾರ ಮೂರು. ಬಿಡಿಸಲಾಗದ್ದನ್ನು ಮನೆಗೆ ಒಯ್ಯುತ್ತಿದ್ದ. ಉತ್ತರ ಹೇಳಲು ನನ್ನನ್ನು ಎಂದೂ ಬಿಡಲಿಲ್ಲ. ಕೈಯಿಂದ ಬೀಜ ಜಾರಿ ಬಿದ್ದರೆ ನಾನು ಬಗ್ಗಿ ಎತ್ತಿಕೊಡಬೇಕು, ಅಷ್ಟೇ ನನ್ನ ಕೆಲಸ. ಒಮ್ಮೆ ಅಲ್ಮಾಸ ಬಂದು, "ಕಾಕಾ, ಬಿಪಿ ಏರಾಕತ್ತೈತಿ, ಆ ಹಾಳಿ ಕೆಳಗ ಇಡ್ರಿ," ಎಂದಳು. ಅವನು ಕಣ್ಣೆತ್ತದೆ, "ಕೆಳಗ ಇಟ್ರ ಮತ್ತಷ್ಟ ಏರತೈತಿ, ತಂಗಿ," ಎಂದ.

ಜೋಡು ದಾರಿ ಬೇಗ ಕೈಗೆ ಹತ್ತಿತು. ಹತ್ತದೆ ಉಳಿದದ್ದು ತಡೆಯುವುದು. ನನ್ನ ಸಾಲು ಬರುವಾಗ ಅವನು ಅದರ ಮೂಗಿಗೇ ಬೀಜ ಇಡುತ್ತಿದ್ದ. ಸಾಲು ಪಕ್ಕಕ್ಕೆ ತಿರುಗಿ ದಾಟಿ ಹೋಗುತ್ತಿತ್ತು. ತಡೆಯುವ ಲೆಕ್ಕಗಳಲ್ಲಿ ಒಂದರ ಹಿಂದೆ ಒಂದು ತಪ್ಪಿದ. ಹನ್ನೆರಡು ತಪ್ಪಾದವು, ಹದಿನೈದಾದವು. ಹಾಳೆಗಳು ಮಡಿಕೆಯಲ್ಲಿ ಹರಿದುಹೋದವು. ಬೇರೆ ಬಗೆಯ ಲೆಕ್ಕ ತರಲೇ ಎಂದೆ. ಬೇಡ ಎಂದ, ಇದೇ ಬೇಕು.

ಒಂದು ಗುರುವಾರ ನಾನು ವಾರ್ಡಿನೊಳಗೆ ಕಾಲಿಡುವ ಮೊದಲೇ ಹಾಳೆ ಎತ್ತಿ ತೋರಿಸಿದ. ಹುಣಸೆ ಬೀಜದ ಗುರುತು ನನ್ನ ಸಾಲಿನಿಂದ ಮೂರು ಮನೆ ಆಚೆ ಇತ್ತು. ಸರಿಯಾದ ಮನೆ.

"ಬದು ಒಡದ ನೀರ ಓಡಾಕತ್ತಿದ್ರ ಅದರ ಮಾರಿಗೆ ಮಣ್ಣ ಹಾಕಬಾರದ್ರಿ, ತೊಳಕೊಂಡ ಹೋಗತೈತಿ. ನಾಕ ಸಾಲ ಮುಂದ ಹೋಗಿ ಕಟ್ಟಬೇಕು, ಅದು ಬರೂದರಾಗ. ಇದು ನನಗ ಮೊದಲಿಂದ ಗೊತ್ತಿತ್ತು, ಮಾಸ್ತರ. ಇಷ್ಟ ವರ್ಷ ನಾ ಇಲ್ಲಿ ನೀರ ಆಗಿದ್ನಿ. ನಿಮ್ಮ ಸಾಲೂ ನೀರ ಐತಿ. ನಾ ಸಲಿಕಿ ಹಿಡದಾಂವ."

ಗಣಿತ ಕಲಿಸಿದ ಅಷ್ಟು ವರ್ಷಗಳಲ್ಲಿ ನಾನೂ ಅದನ್ನು ಅಷ್ಟು ಚೆನ್ನಾಗಿ ಹೇಳಿದವನಲ್ಲ.

ನೂರಾ ನಲವತ್ತಾರನೆಯ ಲೆಕ್ಕ ಮುಗಿದ ಮೇಲೆ ಅವನು ದಿನ ಗೊತ್ತುಮಾಡಿದ. ಜಾಗ ಮೂಡಲಗಿ, ಡಯಾಲಿಸಿಸ್ ಇಲ್ಲದ ಬುಧವಾರ. ಆಸ್ಪತ್ರೆಯಲ್ಲಿ ಏಕೆ ಬೇಡವೆಂದರೆ, ಹಾಸಿಗೆಯ ಮೇಲೆ ನೋಡಿದರೆ ನನಗೆ ಮತ್ತೆ ಕರುಣೆ ಬರುತ್ತದಂತೆ. ಕುಲಗೋಡದಲ್ಲಿ ಆಡಿದರೆ ಅಲ್ಲವ್ವನ ಮುಖ ನೋಡಿ ಬರುತ್ತದಂತೆ. ಅಂದು ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ಸಿನಿಂದ ಇಳಿದ. ಬಸ್ ನಿಲ್ದಾಣದ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಹಲಗೆ ಹಾಸಿದೆವು. ಮೊದಲು ಇಡುವವನಿಗೆ ಲಾಭ ಇರುವುದರಿಂದ ನಾಣ್ಯ ಚಿಮ್ಮಿದೆವು. ಲಾಭ ನನಗೆ ಬಂತು. ಅದನ್ನು ಅವನಿಗೆ ಕೊಡಬೇಕೆಂದು ನನ್ನ ಮನಸ್ಸಿಗೆ ಬರಲಿಲ್ಲ, ಬಂದಿದ್ದರೂ ಅವನ ಕಣ್ಣು ನನ್ನ ಮೇಲೇ ಇತ್ತು.

ಪ್ರತಿ ನಡೆಯನ್ನೂ ನಾನು ಇನ್ನೊಂದು ಹಾಳೆಯಲ್ಲಿ ಅಂಕಿ ಹಾಕಿ ಬರೆದೆ. ಅದೂ ಅವನದೇ ಷರತ್ತು. ಹಲಗೆಯ ನಡುವೆ ನನ್ನ ಸಾಲು ಗಟ್ಟಿಯಾಗಿತ್ತು, ಬಲದಂಡೆಗೆ ನಾಲ್ಕು ಮನೆ ಉಳಿದಿತ್ತು. ಅವನು ಬೀಜ ಹಿಡಿದು ಬಹಳ ಹೊತ್ತು ಕೂತ. ಆಮೇಲೆ ನನ್ನ ಸಾಲಿನ ಹತ್ತಿರಕ್ಕೇ ಬಾರದೆ, ದಂಡೆಯ ಬಳಿ ಖಾಲಿ ಜಾಗದಲ್ಲಿ ಇಟ್ಟ. ತಪ್ಪಿದ ಅಂದುಕೊಂಡೆ. ಮೂರು ನಡೆ ಕಳೆದ ಮೇಲೆ ಗೊತ್ತಾಯಿತು, ನಾನು ಮೇಲೆ ತಿರುಗಿದರೂ ಕೆಳಗೆ ತಿರುಗಿದರೂ ಅಲ್ಲಿ ಅವನ ಜೋಡು ದಾರಿ ಇತ್ತು.

ನಾನು ಹುಡುಕಿದೆ. ನನ್ನ ಬಸ್ ಬಂದು ಹೋಯಿತು. ಗೋಕಾಕದ ಕಡೆ ಹೋಗುವ ಇನ್ನೊಂದೂ ಹೋಯಿತು.

"ಹುಡಕ್ರಿ," ಎಂದ ಶೆಟ್ಟೆಪ್ಪ. "ಪೂರಾ ಹುಡಕ್ರಿ. ಬಸ್ ಮತ್ತೊಂದ ಬರತೈತಿ."

ದಾರಿ ಇರಲಿಲ್ಲ. ಸೋತೆನೆಂದು ಹೇಳಲು ಹೋದರೆ ಅದಕ್ಕೂ ಬಿಡಲಿಲ್ಲ. ಕೊನೆಯ ಬೀಜ ಕೆಳಗಿನ ದಂಡೆ ಮುಟ್ಟುವವರೆಗೆ ಆಡಿಸಿದ. ಮುಟ್ಟಿದ ಮೇಲೆ ಮೇಲಿನಿಂದ ಕೆಳಗಿನವರೆಗೆ ಬೆರಳಿನಿಂದ ಒಮ್ಮೆ ಸವರಿಕೊಂಡು ಬಂದ, ನೀರು ಕೊನೆಯ ಸಾಲಿಗೆ ಬಂತೋ ಎಂದು ನೋಡುವಂತೆ. ಮರುದಿನ ಗೋಕಾಕದಲ್ಲಿ ಮತ್ತೆ ಕರದಂಟು ತಂದು ಅಲ್ಮಾಸಳಿಗೆ ಕೊಟ್ಟ. ಮೊದಲಿನದು ಸುಳ್ಳಾಗಿತ್ತು, ತಿದ್ದಬೇಕಲ್ಲ ಎಂದ.

ಇದಾಗಿ ಆರನೆಯ ವಾರ, ಸೋಮವಾರ ಬೆಳಿಗ್ಗೆ, ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುವಾಗ ಅವನ ಎದೆ ನಿಂತಿತು. ನಾನು ಗೋಕಾಕದಲ್ಲಿ ಅವನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಮೂರು ಲೆಕ್ಕ ಇಟ್ಟುಕೊಂಡು ಕಾಯುತ್ತಿದ್ದೆ.

ಕಟ್ಟೆಯ ಮೇಲಿನ ಆ ಮಾತು ಅಲ್ಲವ್ವನಿಗೂ ಮುಟ್ಟಿತ್ತು. ಹನ್ನೊಂದನೆಯ ದಿನ ಮಂದಿಯೆಲ್ಲ ಹೋದ ಮೇಲೆ ಅವಳು ನನ್ನೆದುರು ಬಂದು ಕೂತಳು.

"ಖರೆ ಹೇಳ್ರಿ, ಮಾಸ್ತರ. ಅವ್ರು ಗೆದ್ರೋ, ನೀವ ಗೆಲ್ಲಿಸಿದ್ರೋ?"

"ಗೆದ್ದಾನ, ವೈನಿ. ಖರೇನ ಗೆದ್ದಾನ."

"ಮೊದಲನೇ ಸಲಾನೂ ನೀವ ಹಂಗ ಅಂದಿದ್ರಿ."

ನಾನು ಮೂಡಲಗಿಯ ಹಾಳೆ ತೆಗೆದು ಅವಳ ಮುಂದಿಟ್ಟೆ. ಅಂಕಿಗಳನ್ನು ನೋಡಿದಳು. ಇದರಲ್ಲಿ ತನಗೇನು ತಿಳಿಯಬೇಕು ಎಂದಳು. ಹಾಳೆಯನ್ನು ಹಿಂತಿರುಗಿಸಲಿಲ್ಲ. ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡೇ ಕೂತು, ಎದ್ದು ಹೋಗಿ ಬೀಜದ ಡಬ್ಬಿ ತಂದಳು.

"ಒಂದನೇ ಲೆಕ್ಕದಿಂದ ಹೇಳಿಕೊಡ್ರಿ. ನಾನ ನೋಡತೇನಿ."

ಈಗ ಸೋಮವಾರ, ಗುರುವಾರಗಳಂದು ನಾನು ಗೋಕಾಕದಲ್ಲಿ ಬಸ್ ಬದಲಿಸಿ ಕುಲಗೋಡಕ್ಕೆ ಹೋಗುತ್ತೇನೆ. ಅಲ್ಲವ್ವ ನೀರು ಹಾಯಿಸಿದವಳಲ್ಲ, ಗಂಡನ ತಪ್ಪು ಅವಳು ಮಾಡುವುದಿಲ್ಲ. ಅವಳ ತಪ್ಪುಗಳು ಬೇರೆ. ಉತ್ತರ ಹೇಳಲು ಅವಳೂ ಬಿಡುವುದಿಲ್ಲ. ಹದಿನೇಳನೆಯ ಲೆಕ್ಕ ಬಿಡಿಸಿದ ದಿನ ತಲೆಯೆತ್ತಿ ನನ್ನನ್ನು ನೋಡಿ, ಹಾಗಾದರೆ ಇಲ್ಲಿಯೇ ನೀವು ಅವರಿಗೆ ಮೋಸ ಮಾಡಿದ್ದು ಎಂದಳು. ಹೌದು ಎಂದೆ. ಹದಿನೆಂಟನೆಯದನ್ನು ಕೈಗೆತ್ತಿಕೊಂಡಳು.

ಕಳೆದ ಗುರುವಾರಕ್ಕೆ ಐವತ್ತೆರಡು ಮುಗಿದವು. ಮೂಡಲಗಿಯ ಹಾಳೆ ಡಬ್ಬಿಯ ತಳದಲ್ಲಿದೆ. ಅದನ್ನು ಅವಳು ಇನ್ನೂ ತೆಗೆದಿಲ್ಲ. ಕಟ್ಟೆಯ ಮೇಲಿನವರು ಕೇಳಿದರೆ, ನೋಡುತ್ತಿದ್ದೇನೆ, ನೋಡಿ ಹೇಳುತ್ತೇನೆ ಎನ್ನುತ್ತಾಳಂತೆ. ಒಂದು ದಿನ ಆ ಹಾಳೆ ತೆರೆದು ನನ್ನ ಒಂದೊಂದು ಕಾಳನ್ನೂ ಬೆರಳಿಟ್ಟು ಪರೀಕ್ಷಿಸುತ್ತಾಳೆ, ನಾನು ಬೇಕೆಂದೇ ಬಿಟ್ಟ ಮನೆ ಎಲ್ಲಾದರೂ ಇದೆಯೇ ಎಂದು. ಆ ಹಾಳೆಯ ಮೇಲೆ ನಾನು ಎಷ್ಟೋ ಸಲ ಹುಡುಕಿದ್ದೇನೆ. ಅವಳೂ ಹುಡುಕಲಿ.